ತಗಡಿನ ಗೋಡೆ ಬೆವರಿದ್ದು

ಲಾಂಡ್ರಿಯ ಹಿಂದಿನ ಕೋಣೆ,
ಭಾನುವಾರ, ಹದಿನೇಳನೇ ತಾರೀಖು

ಪ್ರೀತಿಯ ಚಿನಕುರುಳಿ,

ಹೇಗಿದ್ದೀಯ? ಕೆಮ್ಮು ಹೋಯಿತೇ? ನಿನ್ನ ಅತ್ತೆ ಈಗಲೂ ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಜಡೆ ಹೆಣೆಯುತ್ತಾಳೆಯೇ? ನನ್ನ ಮಗಳೇ ಆದರೂ ಅವಳ ಕೈ ಒರಟು. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ. ಅಜ್ಜಿ ಫೋನ್ ಮಾಡಿದರೆ ಮಾತಾಡಲು ಬರುವುದಿಲ್ಲ ಅಂದೆಯಂತೆ. ಸರಿ, ಕಾಗದ ಓದಲು ನನ್ನ ಮುಖ ನೋಡಬೇಕಿಲ್ಲ.

ಮೊದಲು ಖರ್ಚು ಬರೆದುಬಿಡುತ್ತೇನೆ, ನನ್ನ ಅಭ್ಯಾಸ ನಿನಗೆ ಗೊತ್ತಲ್ಲ. ಎರಡನೇ ಸಲ ಒಗೆದ ಚಾದರ ಮೂವತ್ತೊಂದು. ಐಸು ಮೂರು ತಟ್ಟೆ. ನೀಲಿ ಅರ್ಧ ಚಮಚ. ಬಿಳಿ ಅಂಗಿ ಒಂದು. ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ ದಿನ ನಾಲ್ಕು. ನೀನು ಇಲ್ಲದ ದಿನ ಇಪ್ಪತ್ತಾರು. ಆ ಕೊನೆಯದನ್ನು ನಿನ್ನೆ ಹೇಗೆ ವಸೂಲು ಮಾಡಿದೆ ಎಂದು ಹೇಳುತ್ತೇನೆ, ಕೇಳು.

ಇಸ್ತ್ರಿ ಕೋಣೆಯ ಕೊನೆಯ ಕಪಾಟು ನೆನಪಿದೆಯಲ್ಲ, ತಗಡಿನ ಗೋಡೆಗೆ ಒರಗಿದ್ದು. ಅಲ್ಲಿಟ್ಟ ಬಟ್ಟೆ ಗಂಟುಗಳು ದಿನಾ ಸಂಜೆ ಒದ್ದೆ. ಅದರ ಈಚೆಗೆ ನಿನ್ನ ಕುರ್ಚಿ, ನಿನ್ನ ಹೋಂವರ್ಕು, ನಿನ್ನ ನೀರಿನ ಬಾಟಲಿ. ನಮ್ಮ ನಿಯಮದ ಹಲಗೆ ಹೇಳುತ್ತದೆ: ಗಂಟು ಒದ್ದೆಯಾದರೆ ಹತ್ತಿರ ಇದ್ದವರೇ ಹೊಣೆ. ನನ್ನ ತಮ್ಮ, ನಿನ್ನ ಮ್ಯಾನೇಜರ್ ತಾತ, ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, "ನೀರಿಗೇನು ಕಾಲಿದ್ಯಾ, ತಾನೇ ನಡ್ಕೊಂಡು ಬರೋಕೆ?" ಅಂದ. "ನಾನು ನೀರು ಮುಟ್ಟೇ ಇಲ್ಲ ತಾತಾ" ಅಂತ ನೀನು ಎಷ್ಟು ಹೇಳಿದರೂ ಬಿಡದೆ, "ನಾನು ಒದ್ದೆ ಮಾಡಿದೆ" ಎಂದು ಹತ್ತು ಸಲ ಬರೆಸಿದ. ಮರುದಿನ ನೀನು ಅತ್ತೆಯ ಮನೆಗೆ ಹೊರಟೆ. ಅದೇ ದಿನ ತಗಡಿನ ಆಚೆ ಬದಿಯ ಅವನ ಕೋಣೆಯಲ್ಲಿ ಏಸಿ ಕೆಟ್ಟು ರಿಪೇರಿಗೆ ಹೋಯಿತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗಂಟುಗಳು ಒಣಗಿಯೇ ಇದ್ದವು. "ನೋಡಿದ್ಯಾ ಅಕ್ಕಾ, ಹುಡುಗಿ ಹೋದ್ಲು, ನೀರೂ ಹೋಯ್ತು" ಅಂತ ಮೀಸೆ ಸವರಿಕೊಂಡ.

ಹದಿನೈದನೇ ದಿನ ಏಸಿ ವಾಪಸು ಬಂತು. ಹದಿನಾರನೇ ದಿನ ಆರು ಚಾದರ ಒದ್ದೆ. ನಿನ್ನ ಕುರ್ಚಿ ಖಾಲಿ. "ಬೆಕ್ಕಿರಬೇಕು" ಅಂದ. ಅಷ್ಟು ಅಚ್ಚುಕಟ್ಟಾಗಿ ಚಾದರದ ಅಂಚನ್ನಷ್ಟೇ ನೆನೆಸುವ ಬೆಕ್ಕನ್ನು ನಾನು ಕಂಡಿಲ್ಲ.

ಆಮೇಲೊಂದು ದಿನ ಇಸ್ತ್ರಿ ಅಕ್ಕ ಐಸು ಹಾಕಿದ ಸ್ಟೀಲ್ ಲೋಟವನ್ನು ಮೇಜಿನ ಮೇಲಿಟ್ಟಳು. ಕೆಳಗೆ ಹಾಸಿದ್ದ ದಿಂಬಿನ ಚೀಲದ ಮೇಲೆ ದುಂಡಗೆ ಒದ್ದೆ. ಸೋರುವ ಲೋಟ ಯಾಕೆ ತಂದೆ ಅಂತ ಗದರಿದೆ. "ಸೋರಲ್ಲ ಅಮ್ಮಾ, ಹೊಸದು" ಅಂದಳು. ನಾನು ಯಾರ ಮಾತನ್ನೂ ಪುಕ್ಕಟೆ ನಂಬುವವಳಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಆ ನೀರಿಗೇ ಕಲಸಿದೆ, ಲೋಟವನ್ನು ಒರೆಸಿಟ್ಟೆ, ಕಾದೆ. ಒಳಗೆ ಕಡುನೀಲಿ. ಹೊರಗೆ ಮತ್ತೆ ಹನಿ ಮೂಡಿತು, ಕನ್ನಡಿಯಂತೆ ತಿಳಿಯಾಗಿ. ಅಂದಮೇಲೆ ಆ ನೀರು ಲೋಟದಿಂದ ಬಂದದ್ದಲ್ಲ. ಗಾಳಿಯಿಂದ ಬಂದದ್ದು.

ನೀರು ಮಹಾ ವೇಷಗಾರ ಮಗಳೇ. ಹಗ್ಗದ ಮೇಲಿನ ಒದ್ದೆ ಚಾದರ ಒಣಗಿದಾಗ ಅದರ ನೀರು ಸತ್ತುಹೋಗುವುದಿಲ್ಲ, ಆವಿಯಾಗಿ ಗಾಳಿಗೆ ಸೇರುತ್ತದೆ. ಇಸ್ತ್ರಿ ಪೆಟ್ಟಿಗೆಯಿಂದ ಬುಸ್ಸೆಂದು ಏಳುವ ಬಿಳಿ ಹೊಗೆ ಇದೆಯಲ್ಲ, ಅದು ಪುಟಾಣಿ ಹನಿಗಳ ಗುಂಪು. ನಿಜವಾದ ಆವಿ ಕಣ್ಣಿಗೇ ಕಾಣುವುದಿಲ್ಲ. ತಣ್ಣಗಿನದೇನಾದರೂ ತಾಗಿದರೆ ಮಾತ್ರ ಅದರ ವೇಷ ಕಳಚಿ ಮತ್ತೆ ನೀರು. ಮೇಲೆ ತಂಪಿನಲ್ಲಿ ಹಾಗಾದರೆ ಮೋಡ, ಮೋಡದಿಂದ ಮಳೆ, ಮಳೆಯಿಂದ ನಮ್ಮ ತೊಟ್ಟಿ, ತೊಟ್ಟಿಯಿಂದ ಚಾದರ, ಚಾದರದಿಂದ ಮತ್ತೆ ಗಾಳಿ. ಒಂದು ಹನಿಯ ಲೆಕ್ಕವೂ ತಪ್ಪುವುದಿಲ್ಲ. ಇಷ್ಟು ಪ್ರಾಮಾಣಿಕ ಗಿರಾಕಿ ನನಗೆ ಇನ್ನೊಬ್ಬ ಸಿಕ್ಕಿಲ್ಲ.

ಎದ್ದು ಹೋಗಿ ತಗಡಿಗೆ ಕೈ ಇಟ್ಟೆ. ಕೊರೆಯುತ್ತಿತ್ತು. ಆಚೆ ನನ್ನ ತಮ್ಮನ ಏಸಿ, ಈಚೆ ನಮ್ಮ ಬಿಸಿ ಆವಿ, ನಡುವೆ ತಗಡು ಬೆವರುತ್ತಿದೆ. ಆಗಲೇ ಕೂಗಬಹುದಿತ್ತು. ಕೂಗಲಿಲ್ಲ. ನಿನಗೆ ಎಲ್ಲರೆದುರು ಆದದ್ದು ಅವನಿಗೂ ಎಲ್ಲರೆದುರೇ ಆಗಬೇಕಿತ್ತು.

ಶನಿವಾರ ಸಂಜೆ ಎಲ್ಲರೂ ಸಂಬಳಕ್ಕೆ ಸೇರುತ್ತಾರೆ. ಮಧ್ಯಾಹ್ನವೇ ಅವನ ಮೆಚ್ಚಿನ ಬಿಳಿ ಅಂಗಿಯನ್ನು ಆ ಕಪಾಟಿನಲ್ಲಿಟ್ಟು, ಒಂದು ನರಪಿಳ್ಳೆಯೂ ಹತ್ತಿರ ಸುಳಿಯದಂತೆ ನಾನೇ ಕಾವಲು ಕೂತೆ. ಸಂಜೆ ತೆಗೆದರೆ ಕಾಲರಿನಿಂದ ಹನಿ ತೊಟ್ಟಿಕ್ಕುತ್ತಿತ್ತು. "ಯಾರಕ್ಕಾ ಇದನ್ನ ನೆನೆಸಿದ್ದು?" ಅಂತ ಹಾರಾಡಿದ. ಹಲಗೆ ಓದು ಅಂದೆ. ಓದಿದ. ಟೇಪು ಹಿಡಿದು ಅಳೆಸಿದೆ. ತಗಡಿನಿಂದ ನಿನ್ನ ಕುರ್ಚಿ ಈಚೆಗೆ ಐದು ಅಡಿ. ಅವನ ಕುರ್ಚಿ ಆಚೆಗೆ ಒಂದು ಗೇಣು. ನೀಲಿ ನೀರಿನ ಲೋಟವನ್ನು ತೋರಿಸಿದೆ, ಏಸಿ ಬಂದ ದಿನ ಯಾವುದೆಂದು ಹೇಳಿದೆ, ನೀನು ಬರೆದ ಅದೇ ನೋಟ್‌ಬುಕ್ಕು ಮುಂದಿಟ್ಟೆ. "ಅಕ್ಕಾ, ನಾನು ನೀರು ಮುಟ್ಟೇ ಇಲ್ವಲ್ಲಾ" ಅಂದ. "ಅವಳೂ ಹಾಗೇ ಅಂದಿದ್ಲು" ಅಂದೆ. ಇಸ್ತ್ರಿ ಅಕ್ಕ ಪೆಟ್ಟಿಗೆ ಕೆಳಗಿಟ್ಟು ಎಣಿಸಿದಳು. ಅವನೂ ಅದೇ ಮಾತನ್ನು ಹತ್ತು ಸಲ ಬರೆದ. ಏಳನೆಯದರಲ್ಲಿ ಅಕ್ಷರ ಸೊಟ್ಟಗಾಗಿತ್ತು, ಅದನ್ನು ಹೊಡೆದುಹಾಕಿ ಮತ್ತೊಂದು ಬರೆಸಿದೆ.

ಹೊಟ್ಟೆ ತಣ್ಣಗಾಯಿತು, ಸುಳ್ಳು ಹೇಳುವುದಿಲ್ಲ. ನಿನ್ನ ಅತ್ತೆಗೆ ಕೇಳಿದೆನೆಂದು ಹೇಳು. ನೂರು ವರ್ಷ ಚೆನ್ನಾಗಿ ಬಾಳು, ಯಾರ ಎದುರೂ ತಲೆ ತಗ್ಗಿಸದೆ.

ನಿನ್ನ
ಅಜ್ಜಿ

ತಾ.ಕ.: ಅಂಚೆಗೆ ಹಾಕುವ ಮುಂಚೆ ಒಂದು ಮಾತು. ಆ ನಿಯಮ ಬರೆದವಳು ನಾನು. ಅವತ್ತು ನಿನ್ನ ಕೈಗೆ ಪೆನ್ನು ಕೊಟ್ಟವಳೂ ನಾನೇ. ಅವನು ಎದ್ದುಹೋದ ಮೇಲೆ ಅದೇ ಪುಟದ ಕೆಳಗೆ "ನಾನು ಅವಳನ್ನು ನಂಬಲಿಲ್ಲ" ಎಂದು ನಾನೂ ಹತ್ತು ಸಲ ಬರೆದಿದ್ದೇನೆ, ಬಂದು ಎಣಿಸಿಕೋ. ಬರುವ ಭಾನುವಾರ ಬೆಳಿಗ್ಗೆ ಅತ್ತೆಯ ಮನೆಗೆ ಬರುತ್ತೇನೆ. ನನ್ನ ಜೊತೆ ಬರುವುದೂ ಬಿಡುವುದೂ ನಿನ್ನ ಇಷ್ಟ. ಇಲ್ಲಿಯವರೆಗೆ ಯಾರಿಗೆ ಏನು ಸಿಕ್ಕಿತು ಅಂದರೆ: ನನ್ನ ತಮ್ಮನಿಗೆ ಏಸಿಯ ಬದಲು ಒಂದು ಫ್ಯಾನು. ಇಸ್ತ್ರಿ ಅಕ್ಕನಿಗೆ ಒಲೆ ಉರಿಸಲು ನಿಯಮದ ಹಲಗೆ. ನನಗೆ ಒಂದು ಸಂಜೆಯ ಖುಷಿ. ನಿನಗೆ, ಈ ಕಾಗದ.