ಏಳನೆಯ ಬೇರು

॥ ಶ್ರೀ ॥

ಹಿರೇವಡ್ಡಟ್ಟಿ
ರವಿವಾರ, ೨೪-೩-೧೯೫೭

ಚಿ. ಸೌ. ಸಿದ್ದಲಿಂಗವ್ವಳಿಗೆ ನಿನ್ನ ಅಪ್ಪನ ಆಶೀರ್ವಾದ. ಇಲ್ಲಿ ನಾನು, ನಿಮ್ಮವ್ವ, ಎಮ್ಮೆ, ಮೂವರೂ ಆರಾಮ. ಅಲ್ಲಿ ನೀನು, ಅಳಿಯಂದಿರು, ಮೊಮ್ಮಗಳು ಆರಾಮವಾಗಿದ್ದೀರೆಂದು ನಂಬಿದ್ದೇನೆ.

ನಿನ್ನ ಕಾಗದ ಬಂದು ತಿಂಗಳಾಯಿತು. ಶಾಲೆಯ ಪರೀಕ್ಷೆ ಇತ್ತು ಎಂದು ನೆಪ ಹೇಳಬಹುದು. ಮೂವತ್ತು ವರ್ಷ ಮಕ್ಕಳ ನೆಪ ಕೇಳಿದ ಮಾಸ್ತರನಿಗೆ ಒಂದು ನೆಪ ಹುಡುಕುವುದು ಕಷ್ಟವಲ್ಲ. ಆದರೆ ನೀನು ಕೇಳಿದ್ದು ಒಂದೇ. ಮೊದಲ ಹೆರಿಗೆಯಲ್ಲಿ ರಕ್ತ ನಿಲ್ಲದಿದ್ದಾಗ ಬೇಡರ ಓಣಿಯ ಕರಿಯವ್ವ ತೇದು ಕುಡಿಸಿದ ಬೇರನ್ನು ಈ ಸಲ ನಿನ್ನ ಗಂಡನೂರು ಕುರ್ತಕೋಟಿಗೇ ಕಳಿಸು ಎಂದೆ. ಅದಕ್ಕೆ ಉತ್ತರ ಬರೆಯಲು ನನಗೆ ಮುಖವಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನವೆಂಬರದಲ್ಲಿ ನಾವೆಲ್ಲ ಕನ್ನಡ ನಾಡಿಗೆ ಸೇರಿದೆವಲ್ಲ, ಆಗ ಶಾಲೆಯಲ್ಲಿ ಪೇಢೆ ಹಂಚಿದೆ. ಇನ್ನು ಸರ್ಕಾರದ ಕಾಗದ ನಮ್ಮ ಭಾಷೆಯಲ್ಲೇ ಬರುತ್ತದೆ ಎಂದು ಭಾಷಣವನ್ನೂ ಬಿಗಿದೆ. ಮುಂದಿನ ತಿಂಗಳು ಕಾಡಿನ ಸಾಹೇಬರೊಬ್ಬರು ಬಂದು ಚಾವಡಿಯಲ್ಲಿ ಕುಳಿತರು. ಕೆಟ್ಟವರಲ್ಲ. ಇದ್ದಿಲು ಸುಡುವವರು ಕಪ್ಪತಗುಡ್ಡದ ಒಂದು ಬದಿಯನ್ನು ಬೋಳಿಸಿದ್ದು ನಿನಗೂ ಗೊತ್ತು. ಹೀಗೇ ಬಿಟ್ಟರೆ ಬರೀ ಕಲ್ಲು ಉಳಿಯುತ್ತದೆ, ಕಾಯ್ದೆಯಿಂದ ಕಾಯಲೇಬೇಕು ಎಂದರು. ಹಿಂದಿನಿಂದ ಗುಡ್ಡದ ಬೇರು ಸೊಪ್ಪು ತರುತ್ತಿದ್ದವರು ಯಾವ ಗಿಡ, ಯಾವ ಜಾಗ ಎಂದು ಬರೆಸಿದರೆ ಅವರ ಹಕ್ಕು ಉಳಿಯುತ್ತದೆ, ಪಟ್ಟಿಯಲ್ಲಿ ಇಲ್ಲದ್ದಕ್ಕೆ ಹಕ್ಕಿಲ್ಲ ಎಂದೂ ಹೇಳಿದರು.

ಬೇಡರ ಓಣಿಯವರು ಬಾಯಿ ಬಿಡಲಿಲ್ಲ. ಔಷಧದ ಹೆಸರನ್ನು ಹೊರಗಿನವರಿಗೆ ಹೇಳಿದರೆ ಅದರ ಗುಣ ಹೋಗುತ್ತದೆ ಎಂಬುದು ಅವರ ಹಿರಿಯರ ಕಟ್ಟು. ಬೇರಿಗೆ ಕಬ್ಬಿಣ ತಾಗಿಸುವುದಿಲ್ಲ. ಆಡಿನ ಕೊಂಬಿನಿಂದ ಅಗೆದು, ಅರ್ಧ ತಂದು, ಉಳಿದರ್ಧಕ್ಕೆ ಮಣ್ಣು ಮುಚ್ಚಿ ಬರುತ್ತಾರೆ. ಸಾಹೇಬರು ನನ್ನ ಕಡೆ ನೋಡಿದರು. ನನ್ನ ಅಕ್ಷರ ಮುತ್ತಿನಂತಿವೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ನಾನು ಉಬ್ಬಿ ಕರಿಯವ್ವನ ಮನೆಗೆ ನಡೆದೆ.

“ಹೇಳಿದ್ರ ಗುಣಾ ಹೊಕ್ಕೈತ್ರಿ ಮಾಸ್ತರ್ರ,” ಎಂದಳು.

“ಹೇಳದಿದ್ರ ಗುಡ್ಡಾನ ಹೊಕ್ಕೈತಿ, ಕರಿಯವ್ವ,” ಎಂದೆ. ಎಂಥ ಮಾತು ಆಡಿದೆ ಎಂದು ನನಗೆ ನಾನೇ ಭೇಷ್ ಹೇಳಿಕೊಂಡೆ.

ಅವಳು, “ನಿಮ್ಮ ಮಗಳನ್ನ ಈ ಕೈಯಾಗ ಹಿಡದೇನಿ. ನೀವು ಅನ್ಯಾಯ ಮಾಡಾಂಗಿಲ್ಲ ಬಿಡ್ರಿ,” ಎಂದು ಒಂದೊಂದಾಗಿ ಆರು ಹೆಸರು ಹೇಳಿದಳು. ಏಳನೆಯದು ನೀನು ಕೇಳಿದ ಬೇರು. “ಅದೊಂದು ಬ್ಯಾಡ್ರಿ. ಅದು ಬಾಣಂತ್ಯಾರದು. ಅದರ ಗುಣಾ ಹೋದ್ರ ನಾ ಯಾರಿಗೆ ಮಾರಿ ತೋರಸ್ಲಿ?” ಎಂದು ಕೈ ಮುಗಿದಳು. ಬರೆಯುವುದಿಲ್ಲ ಎಂದು ಮಾತು ಕೊಟ್ಟು ಬಂದೆ.

ಫೆಬ್ರುವರಿಯಲ್ಲಿ ಚಾವಡಿಯ ಗೋಡೆಗೆ ನೋಟೀಸು ಹಚ್ಚಿದರು. ಅಚ್ಚ ಕನ್ನಡ. ಜನ ನನ್ನನ್ನೇ ಕರೆದು ಓದಿಸಿದರು. ಇವು ಕಾಡಿನ ಉತ್ಪನ್ನಗಳು, ಗುತ್ತಿಗೆ ಹಿಡಿದವರು ಮಾತ್ರ ತೆಗೆಯಬೇಕು, ಉಳಿದವರು ಮುಟ್ಟಿದರೆ ಶಿಕ್ಷೆ ಎಂದಿತ್ತು. ಅದರ ಕೆಳಗೆ ನನ್ನ ಪಟ್ಟಿ, ನಾನು ಬರೆದ ಕ್ರಮದಲ್ಲೇ. ಹಕ್ಕಿನ ಮಾತು ಎಲ್ಲಿಯೂ ಇರಲಿಲ್ಲ. ಕೊನೆಗೆ ಏಳನೆಯದೂ ಇತ್ತು. ಹೆಸರಿಲ್ಲ, ಬಳ್ಳಿಯ ಗುರುತು ಮತ್ತು ಜಾಗ ಮಾತ್ರ. ಅದು ಹೇಗೆ ಸೇರಿತೆಂದು ಓಣಿಯವರು ಇಂದಿಗೂ ಮಾತಾಡುತ್ತಿದ್ದಾರೆ. ಸಾಹೇಬರಿಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು. ಕಾಗದ ಹಾಕಿದೆ. ಅವರು, ಪಟ್ಟಿಯನ್ನು ಹಕ್ಕಿಗೆಂದೇ ಮೇಲೆ ಕಳಿಸಿದ್ದೆ, ಅಲ್ಲಿ ಏನಾಯಿತೋ ತಿಳಿಯದು ಎಂದು ಎರಡು ಸಾಲು ಬರೆದರು.

ಗುತ್ತಿಗೆಯವರ ಆಳುಗಳು ಗುದ್ದಲಿ ತಂದು ಹದಿನೈದು ದಿನ ಅಗೆದರು. ಅರ್ಧ ಬಿಡುವ ಮಾತೇ ಇಲ್ಲ. ಕರಿಯವ್ವನ ಮಗ ಯಮನೂರಪ್ಪ ಎಂದಿನಂತೆ ಗುಡ್ಡಕ್ಕೆ ಹೋದವನು ಕಾಡಿನ ಗಾರ್ಡನ ಕೈಗೆ ಸಿಕ್ಕು ಮುಂಡರಗಿಯ ಠಾಣೆಯಲ್ಲಿ ಎರಡು ದಿನ ಕೂತು ಬಂದ. ನನ್ನೆದುರು ನಿಂತು, “ನಮ್ಮ ಗುಡ್ಡಕ್ಕ ನಾವ ಕಳ್ಳರಾದ್ವಿ ಏನ್ರಿ, ಮಾಸ್ತರ್ರ?” ಎಂದು ಕೇಳಿದ. ಸಿಟ್ಟಿನಿಂದಲ್ಲ, ಶಾಲೆಯಲ್ಲಿ ಲೆಕ್ಕ ತಿಳಿಯದಾಗ ಕೇಳುತ್ತಿದ್ದ ಹಾಗೆಯೇ ಕೇಳಿದ.

ನಿನ್ನೆ ಕರಿಯವ್ವ ಮನೆಗೆ ಬಂದಳು. ನಿನಗೆ ದಿನ ತುಂಬುತ್ತಿವೆ ಎಂದು ನಿಮ್ಮವ್ವ ಹೇಳಿದ್ದಳಂತೆ. ಗಾರ್ಡನ ಕಣ್ಣು ತಪ್ಪಿಸಿ ಗುಡ್ಡ ಹತ್ತಿ, ಅವರು ಅಗೆದು ಬಿಟ್ಟ ಗುಂಡಿಗಳಲ್ಲಿ ಕೈಯಾಡಿಸಿ, ಬೆರಳುದ್ದದ ಬೇರೊಂದನ್ನು ಹಳೆಯ ಸೀರೆಯ ಚೂರಿನಲ್ಲಿ ಕಟ್ಟಿ ತಂದಿದ್ದಳು. ಆ ಇಳಿಜಾರಿನಲ್ಲಿ ಬಳ್ಳಿ ಇನ್ನು ಉಳಿದಿಲ್ಲವಂತೆ. ಉಸ್ಮಾನಸಾಬ ಗಾಡಿ ಹೂಡಿ ಗದಗಿನ ಪೇಟೆಗೆ ಹೊರಟಿದ್ದಾನೆ, ಅಲ್ಲಿಂದ ಕುರ್ತಕೋಟಿಗೂ ಬರುತ್ತಾನೆ, ಈ ಕಾಗದ ಮತ್ತು ಬೇರು ಅವನ ಕೈಯಲ್ಲಿ ಬರುತ್ತವೆ. ಕಲ್ಲಿನ ಮೇಲೆ ತೇಯಿಸಿಕೋ, ಕಬ್ಬಿಣ ತಾಗಿಸಬೇಡ. ಇದೊಂದನ್ನೇ ನಂಬಿ ಕೂರಲೂ ಬೇಡ. ನೋವು ಶುರುವಾದೊಡನೆ ಗದಗಿನ ದವಾಖಾನೆಗೆ ಹೊರಡು. ಅಳಿಯಂದಿರು ಎತ್ತು ಹೂಡುವುದರೊಳಗೆ ಮೊಮ್ಮಗ ನಡೆದಾಡಿಯಾನು, ಮೊದಲೇ ಹೇಳಿಡು.

ನೀನು ಸುಖವಾಗಿ ಹೆತ್ತು, ಎರಡು ಮಕ್ಕಳ ಗದ್ದಲದಲ್ಲಿ ಈ ಅಪ್ಪನಿಗೆ ಕಾಗದ ಬರೆಯುವುದನ್ನೇ ಮರೆಯುವಂತಾಗಲಿ.

ನಿನ್ನ ಅಪ್ಪ,
ವಿರೂಪಾಕ್ಷಪ್ಪ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನಿಮ್ಮವ್ವನಿಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ಏಳನೆಯದನ್ನು ಬರೆದವನು ನಾನೇ. ನೀನು ಹುಟ್ಟಿದ ದಿನ ನಿಮ್ಮವ್ವನಿಗೂ ಹೀಗೇ ರಕ್ತ ನಿಲ್ಲದಾಗ, ಮನೆಯಲ್ಲಿ ಕೂರಲಾರದೆ ಕರಿಯವ್ವನ ಹಿಂದೆಯೇ ಗುಡ್ಡ ಹತ್ತಿದ್ದೆ. ಬಂಡೆಯ ಮರೆಗೆ ನಿಂತು ಅವಳು ಅಗೆಯುವುದನ್ನು ನೋಡಿದ್ದೆ. ಹೆಸರು ನನಗೆ ಇಂದಿಗೂ ಗೊತ್ತಿಲ್ಲ, ಬಳ್ಳಿಯ ಗುರುತು ಗೊತ್ತಿತ್ತು. ಪಟ್ಟಿ ಕೊಟ್ಟಾಗ ಸಾಹೇಬರು, ಇಷ್ಟೇಯೇನು ಎಂದರು. ಅವಳ ಹಕ್ಕು ತಪ್ಪಬಾರದೆಂದು ಬರೆದೆ ಎಂದು ಹೇಳಬಹುದು. ಖರೆ ಹೇಳಿದರೆ, ಆ ಗಳಿಗೆಯಲ್ಲಿ ಕರಿಯವ್ವನ ನೆನಪೇ ನನಗಿರಲಿಲ್ಲ. ಸಾಹೇಬರ ಶಭಾಷ್ ಬೇಕಾಗಿತ್ತು. ಸಿಕ್ಕಿತು.

ನಿನ್ನೆ ಬೇರು ಕೊಟ್ಟು ಹೋಗುವಾಗ ಅವಳು ಬಾಗಿಲಲ್ಲಿ ನಿಂತು ಹೇಳಿದಳು: “ಯಾವನೋ ಕಳ್ಳ ಮರಿಗೆ ನಿಂತು ನೋಡ್ಯಾನ್ರಿ. ನೀವು ಕೊಟ್ಟ ಮಾತು ಉಳಿಸಿಕೊಂಡ್ರಿ. ನಾ ಹೆಸರು ಬಾಯಿಗೆ ತಂದಿಲ್ಲ, ಅದಕ್ಕ ಇದರ ಗುಣಾ ಇನ್ನೂ ಐತಿ. ಸಿದ್ದವ್ವಗ ಕಳಸ್ರಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅದನ್ನೂ ಮಾಡಲಿಲ್ಲ. ಹೂಂ ಎಂದು ಎರಡೂ ಕೈ ಚಾಚಿ ಬೇರು ಇಸಿದುಕೊಂಡೆ.

ಕುಡಿಯುವಾಗ ಅವಳನ್ನು ನೆನೆ, ಮಗಳೆ. ಅಪ್ಪ ಕಳಿಸಿದ್ದು ಎಂದುಕೊಳ್ಳಬೇಡ.