ಶೆಡ್ಡಿನ ಬಳಿ ಬಿದ್ದ ಇಬ್ಬರು

ಫೆಬ್ರವರಿ 11, 2009
ಡೈರಿಗೆ ಹಾಲು ಹಾಕಿ ನೇರ ಸ್ಕೂಲಿಗೆ. ಟ್ರೈನಿಂಗ್ ಕೊನೆಯ ದಿನ. ಒಂದು ಫೌಂಡೇಶನ್ನಿನವರು ನಮ್ಮ ಮಹಿಳಾ ಸಂಘಕ್ಕೆ ಗ್ರ್ಯಾಂಟ್ ದುಡ್ಡು ಕೊಟ್ಟು, ಪ್ರಥಮ ಚಿಕಿತ್ಸೆ ಕಲಿಸಲು ಮನೋಹರ್ ಸರ್‌ನ ಕಳಿಸಿದ್ದಾರೆ. ಊರ ಸುತ್ತ ಫ್ಯಾಕ್ಟರಿಗಳು ಏಳುತ್ತಿವೆ, ಆಸ್ಪತ್ರೆಗೆ ಕುದೂರಿಗೇ ಹೋಗಬೇಕು — ಅದಕ್ಕೆ. ಉಸಿರು ನಿಂತವರಿಗೆ ಮಾಡುವಂತೆ ರಬ್ಬರ್ ಗೊಂಬೆಯ ಎದೆ ಒತ್ತುವುದು. ಅಧ್ಯಕ್ಷೆ ದೊಡ್ಡಲಕ್ಷ್ಮಮ್ಮ ಎರಡು ಸಲ ಒತ್ತಿ ಎದ್ದುಬಿಟ್ಟರು.
"ಥೂ, ಹೆಣ ಒತ್ತಿದಂಗಾಯ್ತದೆ ಕಣೆ ಭಾನು. ನೀನೇ ಒತ್ಕೊ."
ನಕ್ಕು ನಕ್ಕು ಸಾಕಾಯಿತು. ಒಬ್ಬೊಬ್ಬರೇ ಜಾರಿಕೊಂಡರು. ಸರ್ಟಿಫಿಕೇಟ್ ಸಿಕ್ಕಿದ್ದು ನನಗೊಬ್ಬಳಿಗೇ. ಅತ್ತೆ ದೇವರ ಫೋಟೋ ಪಕ್ಕ ಇಟ್ಟಿದ್ದಾರೆ!

ಮಾರ್ಚ್ 4, ಸಂಜೆ
ಹಾಲು ಹಾಕಿ ಬಂದು ಬರೆಯಲು ಕೂತೆ. ಬರೆದರೆ ಮನಸ್ಸು ನಿಲ್ಲಬಹುದು.
ಬೆಳಿಗ್ಗೆ ಹುಲ್ಲು ತರುತ್ತಿದ್ದೆ. ಫ್ಯಾಕ್ಟರಿಯವರು ಕಟ್ಟುತ್ತಿರುವ ಹೊಸ ಶೆಡ್ಡಿನ ಕಡೆಯಿಂದ ಕೂಗು. ಟೆಂಪರರಿ ವೈರು ಕಿತ್ತುಬಂದು ಕಬ್ಬಿಣದ ಕಂಬಕ್ಕೆ ತಗುಲಿದೆ. ಕಂಬ ಹಿಡಿದಿದ್ದ ಇಬ್ಬರೂ ಬಿದ್ದಿದ್ದರು. ಒಬ್ಬ ಕೆಂಪರಾಜು, ದೊಡ್ಡಲಕ್ಷ್ಮಮ್ಮನ ಮಗ, ನಮ್ಮ ಬೀದಿಯವನು. ಇನ್ನೊಬ್ಬ ಯಾರೋ ವೆಲ್ಡರ್. ಚನ್ನಪಟ್ಟಣದ ಕಡೆಯವನಂತೆ, ಕೆಲಸದವರು ಉಳಿಯುವ ಲೇಬರ್ ಶೆಡ್ಡಿನಲ್ಲಿ ಇದ್ದವನು.
"ಯಾರೂ ಮುಟ್ಬ್ಯಾಡಿ! ಮೊದ್ಲು ಕರೆಂಟ್ ತೆಗೀರಿ!"
ನನ್ನದೇ ಗಂಟಲಾ ಅದು? ಸೂಪರ್‌ವೈಸರ್ ಓಡಿಹೋಗಿ ಫ್ಯೂಸ್ ಕಿತ್ತ.
ಇಬ್ಬರಿಗೂ ಉಸಿರಿಲ್ಲ. ಕೆಂಪರಾಜುವಿನ ಎದೆ ಒತ್ತಿದೆ. ಒತ್ತುತ್ತಲೇ ಕೂಗಿದೆ — "ಅವ್ರಿಗೂ ಹಿಂಗೇ ಒತ್ರಪ್ಪ, ಯಾರಾದ್ರೂ ಬನ್ನಿ!"
"ಮೈಯೊಳಗೆ ಇನ್ನೂ ಕರೆಂಟ್ ಇರ್ತದೆ ಕಣವ್ವ..." ಎಂದು ಯಾರೋ ಅಂದರು. ಒಬ್ಬರೂ ಬರಲಿಲ್ಲ.
ಕೆಂಪರಾಜು ಕೆಮ್ಮಿದ. ಆಮೇಲೆ ಇನ್ನೊಬ್ಬನ ಹತ್ತಿರ. 108 ಬರುವವರೆಗೂ ಒತ್ತಿದೆ. ಅವರು ನೋಡಿ, ನನ್ನ ಭುಜ ಹಿಡಿದು ಎಬ್ಬಿಸಿದರು. "ಸಾಕು ಬಿಡಿ ಅಮ್ಮ."
ಆ ವೆಲ್ಡರ್ ಹೆಸರು ಮುಕ್ತಿಯಾರ್ ಅಂತೆ. ಜೀವ ಹೋದ ಮೇಲೆ ಗೊತ್ತಾಯಿತು.

ಮಾರ್ಚ್ 6
ದೊಡ್ಡಲಕ್ಷ್ಮಮ್ಮ ಬಾಗಿಲಲ್ಲೇ ಕಾಲಿಗೆ ಬಿದ್ದರು. ನನಗಿಂತ ಎಷ್ಟು ದೊಡ್ಡವರು! "ನನ್ ಮಗುನ್ನ ತಿರುಗ ಹೆತ್ಕೊಟ್ಬುಟ್ಟೆ ಕಣವ್ವ."
ಮನೋಹರ್ ಸರ್ ಫೋನು. ಹೆಡ್ ಆಫೀಸಿನಲ್ಲಿ ಎಲ್ಲರಿಗೂ ಖುಷಿಯಂತೆ. ಮಾಗಡಿಯಲ್ಲಿ ಫಂಕ್ಷನ್, ನಾನು ಮಾತಾಡಬೇಕು. ಸಕ್ಸಸ್ ಸ್ಟೋರಿ ಅಂದರು.
ಮುದ್ದೆ ಹಾಗೇ ಮುಚ್ಚಿಟ್ಟು ಕೊಟ್ಟಿಗೆಗೆ ಹೋದೆ.

ಮಾರ್ಚ್ 9
ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ.
ನನಗೆ ಮೊದಲು ಸಿಕ್ಕವನು ಮುಕ್ತಿಯಾರ್. ಕೆಂಪರಾಜು ಬಿದ್ದಿದ್ದು ಅವನಿಂದಾಚೆ. ಹತ್ತಿರ ಇರುವವರನ್ನು ಮೊದಲು ನೋಡಬೇಕು, ಹಾಗೇ ಕಲಿಸಿದ್ದರು. ನಾನು ಅವನನ್ನು ದಾಟಿಕೊಂಡು ಹೋದೆ. ಯೋಚಿಸಿ ಅಲ್ಲ... ಕಾಲೇ ಹೋಯಿತು. ಗುರುತಿನ ಮುಖದ ಕಡೆಗೆ. ಸೀರೆಯ ನೆರಿಗೆ ಅವನ ಕೈಗೆ ತಾಗಿದ್ದು ಈಗಲೂ ಗೊತ್ತಾಗುತ್ತದೆ.

ಏಪ್ರಿಲ್ 2
ದೊಡ್ಡಲಕ್ಷ್ಮಮ್ಮನ ಜೊತೆ ಮಾಗಡಿಗೆ ಹೋಗಿ ಬಂದೆ. ಬ್ಯಾನರಿನ ತುಂಬ ನನ್ನ ಫೋಟೋ. ಶಾಲು, ಹಾರ. ಮೈಕ್ ಕೈಗೆ ಕೊಟ್ಟರು. ಮನೋಹರ್ ಸರ್ ಹೇಳಿಕೊಟ್ಟದ್ದು ಒಂದೂ ಬಾಯಿಗೆ ಬರಲಿಲ್ಲ.
"ಇಬ್ರು ಬಿದ್ದಿದ್ರು," ಎಂದೆ. ದಾಟಿ ಹೋದದ್ದನ್ನೂ ಹೇಳಿದೆ.

ಸ್ಟೇಜಿನಿಂದ ಇಳಿದಾಗ ಫೌಂಡೇಶನ್ನಿನ ಮೇಡಂ ಎದುರು ಬಂದರು. ಬಯ್ಯುತ್ತಾರೆ ಅಂದುಕೊಂಡೆ. "ಸುತ್ತ ಎಷ್ಟು ಜನ ನಿಂತಿದ್ರು?" ಎಂದು ಕೇಳಿದರು. ಕೆಲಸದವರೆಲ್ಲಾ ಇದ್ದರು ಎಂದೆ. ಅವರ ಮುಖ ಬಿಳಿಚಿತು. "ಸಂಘ ಅಂದ್ರೆ ಊರವರು ಮಾತ್ರ ಅಂದ್ಕೊಂಡ್ವಿ. ಅಲ್ಲಿ ಕೆಲಸ ಮಾಡೋರಿಗೆ ನಾವು ಕಲಿಸಲೇ ಇಲ್ಲ."
ಬಸ್ಸಿನಲ್ಲಿ ದೊಡ್ಡಲಕ್ಷ್ಮಮ್ಮ ಬೇರೆ ಸೀಟು ಹಿಡಿದರು. ಇಳಿಯುವಾಗ ಒಂದೇ ಮಾತು. "ಹಂಗಾರೆ ನನ್ ಮಗ ಸಾಯ್ಬೇಕಿತ್ತೇನೆ?"
ಅಲ್ಲ. ಅಲ್ಲವೇ ಅಲ್ಲ. ಎನ್ನುವಷ್ಟರಲ್ಲಿ ಅವರು ಬೀದಿ ತಿರುಗಿಯಾಗಿತ್ತು.

ಆಗಸ್ಟ್ 9
ಗ್ರ್ಯಾಂಟ್ ಈ ಸಲ ಲೇಬರ್ ಶೆಡ್ಡಿನವರಿಗೂ. ಕಲಿಸುವವಳು ನಾನೇ — ಮೇಡಂ ಹಟ. ಇವತ್ತು ಮೊದಲ ಬ್ಯಾಚ್. ಮೂಲೆಯಲ್ಲಿ ಒಬ್ಬಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮನೋಹರ್ ಸರ್ ಕಿವಿಯಲ್ಲಿ ಹೇಳಿದರು — ರೋಶನ್ ಬೀ. ಮುಕ್ತಿಯಾರ್ ಹೆಂಡತಿ. ಗಂಡ ಸತ್ತ ಮೇಲೆ ಮನೆಯೊಳಗೆ ಕೂರುವ ನಾಲ್ಕು ತಿಂಗಳು ಮುಗಿಸಿ, ಇಲ್ಲೇ ಅಡುಗೆ ಕೆಲಸಕ್ಕೆ ಸೇರಿದ್ದಾಳೆ.
 ಅದು ಹೇಗೆ ಕಲಿಸಿದೆನೋ.
ಎಲ್ಲರೂ ಹೋದರು. ಅವಳು ಉಳಿದಳು.
"ಮೈಕಲ್ಲಿ ಹೇಳಿದ್ರಂತಲ್ಲ. ಗೊತ್ತಾಯ್ತು ಅಕ್ಕ." ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. "ಒಂದೇ ಕೇಳ್ತೀನಿ. ನೀವು ದಾಟುವಾಗ... ಅವ್ರು ಕಣ್ಣು ಬಿಟ್ಕೊಂಡಿದ್ರಾ?"
ಇಲ್ಲ ಎನ್ನಬಹುದಿತ್ತು.
"ಹೂಂ," ಎಂದೆ.
ನನ್ನ ಎರಡೂ ಕೈ ಹಿಡಿದುಕೊಂಡಳು. ಬಿಡಲಿಲ್ಲ. ತೀರಾ ಮೆಲ್ಲಗೆ, "ಹಂಗಾದ್ರೆ ಅವ್ರು ನಿಮ್ಮನ್ನ ನೋಡಿ, ಯಾರೋ ಬಂದ್ರು, ಬದುಕ್ದೆ ಅಂದ್ಕೊಂಡಿರ್ತಾರೆ ಅಕ್ಕ."