ಮಚ್ಚೆಯಿದ್ದ ಮೂಲ ಫೋಟೋ

ಫೋಟೋ ತಿದ್ದುವ ತಂತ್ರಾಂಶದ ಗ್ರಾಹಕ ಸೇವೆಯವರಿಗೆ,

ಇದು ನನ್ನ ನಾಲ್ಕನೇ ಪತ್ರ. ಹಿಂದಿನ ಮೂರಕ್ಕೂ ನಿಮ್ಮ ಯಂತ್ರ ಉತ್ತರಿಸಿದೆ. ಇದನ್ನಾದರೂ ಒಬ್ಬ ಮನುಷ್ಯ ಓದಲಿ.

ಹೋದ ತಿಂಗಳು ಆಸ್ಪತ್ರೆಯಲ್ಲಿ ಎರಡೇ ಗಂಟೆ ಬದುಕಿದ ಹೆಣ್ಣುಮಗುವೊಂದರ ಫೋಟೋ ತೆಗೆದೆ. ಎಡಗೆನ್ನೆಯಲ್ಲಿ ಉದ್ದಿನಕಾಳಿನಷ್ಟು ಮಚ್ಚೆಯಿತ್ತು. ತಾಯಿ ಕೇಳಿದ್ದು ಇಷ್ಟೇ: "ಅಕ್ಕಾ, ಚೆಂದ ಮಾಡೋಕೆ ಹೋಗ್ಬೇಡಿ. ಹೇಗಿದಾಳೋ ಹಾಗೇ ಇರ್ಲಿ."

ಹನ್ನೆರಡು ವರ್ಷ ನಿಮ್ಮ ತಂತ್ರಾಂಶ ನನ್ನ ಕಂಪ್ಯೂಟರಿನಲ್ಲೇ ಇತ್ತು, ನಾನು ಹೇಳಿದ್ದನ್ನಷ್ಟೇ ಮಾಡುತ್ತಿತ್ತು. ಆ ವಾರವೇ ನೀವು ಅದನ್ನೂ ನನ್ನ ಫೋಟೋಗಳನ್ನೂ ಕ್ಲೌಡಿಗೆ, ಅಂದರೆ ನಿಮ್ಮ ಸರ್ವರಿಗೆ, ಸಾಗಿಸಿದಿರಿ. ಅಲ್ಲಿ ಅದು ನನ್ನನ್ನು ಕೇಳದೆ ಮಚ್ಚೆಯನ್ನು ಕಲೆಯೆಂದು ಒರೆಸಿತು, ನೀಲಿ ತುಟಿಗೆ ಕೆಂಪು ಬಳಿಯಿತು. ಫೋಟೋ "ಸುರಕ್ಷಿತವಾಗಿದೆ" ಎಂದು ಅದು ತೋರಿಸಿದ ಹಸಿರು ಗುರುತನ್ನು ನಂಬಿ ನಾನು ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡಿದೆ. ಷರತ್ತುಗಳನ್ನು ಓದದೆ ಒಪ್ಪಿದವಳೂ ನಾನೇ. ಆದರೆ ಕೊಟ್ಟದ್ದನ್ನು ಕೊಟ್ಟ ಹಾಗೆ ಇಟ್ಟುಕೊಳ್ಳುವುದಕ್ಕೂ ಷರತ್ತು ಬೇಕೇ?

ನಿಮ್ಮ ಪ್ರತಿನಿಧಿ ಫೋನಿನಲ್ಲಿ, "ಮೇಡಂ, ಈಗ ಇನ್ನೂ ಚೆನ್ನಾಗೇ ಕಾಣ್ತಿದೆಯಲ್ಲ?" ಎಂದರು. ಮೂರು ತಿಂಗಳ ಚಂದಾ ಉಚಿತ ಎಂದರು. ಗಾಯಕ್ಕೆ ಉಪ್ಪು ಸವರುವುದರಲ್ಲೂ ಇಷ್ಟು ಔದಾರ್ಯವೇ?

ನನಗೆ ಚಂದಾ ಬೇಡ. ಮೂಲ ಫೈಲು ನಿಮ್ಮ ಸರ್ವರಿನಲ್ಲಿ ಮೂವತ್ತು ದಿನ ಇರುತ್ತದೆ ಎಂದು ನೀವೇ ಬರೆದಿದ್ದೀರಿ. ಇವತ್ತು ಇಪ್ಪತ್ತೇಳನೆಯ ದಿನ. ಹುಡುಕಿ ಕಳಿಸಿ. ಇಲ್ಲವಾದರೆ ಇಲ್ಲವೆಂದು ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ. ಬುಧವಾರ ಆ ತಾಯಿ ಫೋಟೋಗೆಂದು ಬರುತ್ತಾರೆ. ನನ್ನ ತಪ್ಪನ್ನು ನಾನೇ ಹೇಳುತ್ತೇನೆ. ನಿಮ್ಮ ತಪ್ಪಿಗೆ ಯಾರ ಹೆಸರು ಹೇಳಲಿ?

ಉತ್ತರಕ್ಕೆ ಕಾದಿರುವ,
ಫೋಟೋಗ್ರಾಫರ್